ಅರ್ಧ ಹರಗಿದ ಎರಿಹೊಲ

ಈ ವರ್ಷ ಕೃಷಿ ಇಲಾಖೆಗೆ ಸೇರಿದ ಇಬ್ಬರು ಹುಡುಗಿಯರು ಕಳೆದ ತಿಂಗಳು ಬೆಟಗೇರಿಯ ನನ್ನ ಮನೆಗೆ ಬಂದಿದ್ದರು. ಕೈಯಲ್ಲಿ ಟ್ಯಾಬ್, ಕಾಲಲ್ಲಿ ಒಳ್ಳೆಯ ಶೂ. "ಮೇಡಂ, ನಿಮ್ಮ ಟೈಮಿನಾಗ ಫೀಲ್ಡ್ ವರ್ಕ್ ಹೆಂಗಿತ್ರಿ?" ಎಂದು ಕೇಳಿದರು. ಚಹಾ ಕೊಟ್ಟು ಅದೂ ಇದೂ ಹೇಳಿ ಕಳಿಸಿದೆ. ಅವರು ಹೋದ ಮೇಲೆ ನನಗೇ ಬೇಜಾರಾಯಿತು. ಯಾವ ಊರಿಗೆ ಯಾವಾಗ ಟ್ರಾನ್ಸ್‌ಫರ್ ಆಯಿತು ಎಂಬುದರಿಂದ ಆ ಮಕ್ಕಳಿಗೆ ಏನಾಗಬೇಕು? ನಾನು ಕೆಡಿಸಿದ ಹೊಲಗಳ ಸುದ್ದಿ ಹೇಳಿದ್ದರೆ ಉಪಯೋಗಕ್ಕೆ ಬರುತ್ತಿತ್ತು. ಅದನ್ನೇ ಈಗ ಬರೆಯುತ್ತಿದ್ದೇನೆ.

ನಾನು ಓದಿದ್ದು ಹುಬ್ಬಳ್ಳಿಯ ಒಂದು ಕಾನ್ವೆಂಟಿನಲ್ಲಿ. ಅಲ್ಲಿನ ಒಬ್ಬ ಸಿಸ್ಟರ್ ಸ್ಕೂಲಿನ ಹಿಂದೆ ಗುಲಾಬಿ ಬೆಳೆಸುತ್ತಿದ್ದರು. ಗಿಡದ ಬುಡವನ್ನು ಯಾರಾದರೂ ಸುಮ್ಮನೆ ಕೆದಕಿದರೆ ಸಿಟ್ಟಿಗೇಳುತ್ತಿದ್ದರು. "ಲೀವ್ ಇಟ್ ಅಲೋನ್, ಗರ್ಲ್ಸ್!" ನಾವು ಲಂಗ ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು. ಈಗ ಅವರು ಇದ್ದಿದ್ದರೆ ಹೋಗಿ ಕೈ ಹಿಡಿದುಕೊಳ್ಳುತ್ತಿದ್ದೆ. ಕೃಷಿ ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿತದ್ದು ಬರೀ ಕೆದಕುವುದನ್ನು.

ಮೊದಲ ಪೋಸ್ಟಿಂಗ್ ಶಿರಹಟ್ಟಿ. ಆಗ ಇಲಾಖೆಯವರೆಲ್ಲ ಒಂದೇ ಮಾತು ಹೇಳುತ್ತಿದ್ದೆವು: ಬೇಸಿಗೆಯಲ್ಲಿ ಆಳವಾಗಿ ಉಳಬೇಕು. ಹಾಗೆ ಉತ್ತರೆ ಮಣ್ಣಿನೊಳಗಿನ ಹುಳದ ಮೊಟ್ಟೆ ಬಿಸಿಲಿಗೆ ಸಾಯುತ್ತದೆ, ಕರಿಕೆ ಹುಲ್ಲಿನ ಬೇರು ಕಿತ್ತು ಬರುತ್ತದೆ, ಮಳೆನೀರು ಇಳಿಯುತ್ತದೆ. ಮಾತು ಸುಳ್ಳಲ್ಲ. ಆದರೆ ಎಲ್ಲಿ ಎಂದು ಕೇಳಿಕೊಳ್ಳಬೇಕಿತ್ತು, ನಾನು ಕೇಳಿಕೊಳ್ಳಲಿಲ್ಲ. ಹನುಮಪ್ಪ ಎಂಬ ಹಿರಿಯ ರೈತರು ತಮ್ಮ ಇಳಿಜಾರಿನ ಮಸಾರಿ ಹೊಲದಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಶೇಂಗಾ ಬೆಳೆಯುತ್ತಿದ್ದರು. ಅವರು ಬೇಡವೆಂದರೂ ಕೇಳದೆ ಟ್ರ್ಯಾಕ್ಟರ್ ತರಿಸಿ, ಮಣ್ಣು ಮಗುಚುವ ಕಬ್ಬಿಣದ ನೇಗಿಲು ಹಾಕಿಸಿ ಉಳುಮೆ ಮಾಡಿಸಿದೆ. ನಾಲ್ಕು ಊರಿನವರು ನೋಡಲು ಬಂದಿದ್ದರು. ಐ ವಾಸ್ ವೆರಿ ಪ್ರೌಡ್. ಸಂಜೆ ಹೊತ್ತಿಗೆ ಹೊಲ ಬೆಳ್ಳಗೆ ಕಾಣತೊಡಗಿತು. ಒಂದು ಗೇಣು ಮಣ್ಣಿನ ಕೆಳಗೆ ಗರಸು ಇತ್ತು, ರಸ್ತೆಗೆ ಹಾಕುತ್ತಾರಲ್ಲ, ಅದೇ. ಒಳ್ಳೆಯ ಮಣ್ಣು ಕೆಳಗೆ ಹೋಗಿ ಗರಸು ಮೇಲೆ ಬಂದಿತ್ತು.

ಆ ವರ್ಷ ಶೇಂಗಾ ಗಿಡ ಮೊಣಕಾಲಿನ ಅರ್ಧಕ್ಕೂ ಬರಲಿಲ್ಲ. ಹನುಮಪ್ಪ ಬೈಯಲಿಲ್ಲ. ಆಫೀಸಿಗೆ ಬಂದು ಎಲ್ಲರೆದುರು ಕೈ ಮುಗಿದು, "ಅಕ್ಕಾರ, ಮನಿಗೆ ಬರ್ರಿ. ಈ ವರ್ಷ ಶೇಂಗಾ ಇಲ್ಲ, ಗರಸು ಹುರಿದು ಕೊಡ್ತೀನಿ, ಬೆಲ್ಲ ಹಚ್ಚಿಕೊಂಡು ತಿನ್ನೂಣು" ಎಂದರು. ಆಫೀಸ್ ಪೂರ್ತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಸ್ಟೋರ್ ರೂಮಿಗೆ ಹೋಗಿ ಬೀಜದ ಚೀಲಗಳ ನಡುವೆ ಕುಳಿತು ಅತ್ತೆ. ಆ ಹೊಲ ಮೊದಲಿನಂತಾಗಲು ವರ್ಷಗಟ್ಟಲೆ ಹಿಡಿಯಿತು. ಕೆರೆಯ ಗೋಡುಮಣ್ಣು, ಕೊಟ್ಟಿಗೆ ಗೊಬ್ಬರ ಹೊತ್ತದ್ದು ಅವರು, ನಾನಲ್ಲ.

ಲಕ್ಷ್ಮೇಶ್ವರಕ್ಕೆ ಹೋದಾಗ ನನ್ನ ಮೇಲಿನ ಅಧಿಕಾರಿ ಕುಲಕರ್ಣಿ ಸರ್. ಮೊದಲ ದಿನವೇ ನನ್ನ ಟೂರ್ ಡೈರಿ ತಿರುವಿ ಹಾಕಿ, "ಆಳ ಉಳುಮಿ ಅಂತ ಪುಟಕ್ಕೊಮ್ಮೆ ಬರದೀರಿ. ಎಷ್ಟ್ ಹೊಲದಾಗ ಕುಣಿ ತೆಗದು ನೋಡೀರಿ?" ಎಂದು ಕೇಳಿದರು.

"ಒಂದೂ ಇಲ್ರಿ ಸರ್."

"ಇಂಗ್ಲಿಷ್ ಭಾಳ ಛಲೋ ಐತಿ ನಿಮ್ದು. ಅದಕ್ಕ ಇನ್ನ ಸ್ವಲ್ಪ ಮಣ್ಣು ಹತ್ತಬೇಕು."

ಮರುದಿನದಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಡಿ ತೋಡುವುದು ಶುರುವಾಯಿತು. ಅವರು ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಬೆರಳು ಗಾತ್ರದ ಕಬ್ಬಿಣದ ಸರಳು ತೆಗೆದುಕೊಂಡು ಹಸಿ ಇರುವಾಗ ಹೊಲದಲ್ಲಿ ಚುಚ್ಚುವುದು, ಎಲ್ಲಿ ತಡೆಯುತ್ತದೆ ನೋಡುವುದು. ಮಣ್ಣಿನ ಹೆಂಟೆಯೊಂದನ್ನು ಗಾಜಿನ ಲೋಟದ ನೀರಿಗೆ ಬಿಡುವುದು, ಕೂಡಲೇ ಕರಗಿ ರಾಡಿಯಾಗುತ್ತದೋ, ಹಿಡಿದುಕೊಂಡಿರುತ್ತದೋ ನೋಡುವುದು. ಬೇರು ನೆಟ್ಟಗೆ ಇಳಿದಿದೆಯೋ ಮೊಣಕೈಯಂತೆ ಮಡಚಿದೆಯೋ ನೋಡುವುದು. ಹುಡುಗಿಯರೇ, ನಿಮ್ಮ ಟ್ಯಾಬಿನಲ್ಲಿ ಏನೇನೋ ಇರಬಹುದು. ಆದರೂ ಒಂದು ಸರಳು ಇಟ್ಟುಕೊಳ್ಳಿ.

ಮುಂಡರಗಿಯಲ್ಲಿ ಆ ಸರಳು ನನ್ನ ಮಾನ ಉಳಿಸಿತು. ಟ್ರ್ಯಾಕ್ಟರಿಗೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟಾವೇಟರ್ ಆ ಕಡೆಗೆ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಮಲ್ಲಿಕಾರ್ಜುನ ಎಂಬ ತರುಣ ರೈತ ಮೂರು ವರ್ಷ ಬಿಡದೆ ಅದನ್ನೇ ಹೊಡೆಸಿದ್ದ. ಮಣ್ಣನ್ನು ಹಿಡಿಯಲ್ಲಿ ಎತ್ತಿ ತೋರಿಸಿ, "ನೋಡ್ರಿ ಮೇಡಂ, ರವಾ ಆಗೇತಿ. ತುಪ್ಪ ಹಾಕಿದ್ರ ಉಂಡಿ ಕಟ್ಟಬಹುದು!" ಎಂದ. ಬಿತ್ತಿದ ಎರಡನೇ ದಿನ ದಪ್ಪ ಹನಿಯ ಮಳೆ ಹೊಡೆದು, ಮಾರನೆಯ ದಿನ ಬಿಸಿಲು ಬಿತ್ತು. ಆ ರವೆಯೆಲ್ಲ ರೊಟ್ಟಿಯಂತೆ ಬಿಗಿದುಕೊಂಡು ಮೊಳಕೆ ಮೇಲೆ ಬರದೆ ಒಳಗೇ ಸುರುಳಿ ಸುತ್ತಿಕೊಂಡಿತು. ಸರಳು ಚುಚ್ಚಿದೆ. ಒಂದು ಗೇಣಿಗೆ ಟಕ್ ಎಂದು ನಿಂತಿತು. "ಒಳಗ ಫರಸಿ ಹಾಸ್ಯಾರೇನ್ರಿ?" ಎಂದು ಅವನೇ ಹೆದರಿದ. ಫರಸಿಯೇ ಸರಿ, ಹಾಸಿದ್ದು ಅವನೇ. ವರ್ಷ ವರ್ಷ ಅದೇ ಆಳಕ್ಕೆ ಅಲಗು ತಿರುಗಿ, ಕೆಳಗಿನ ಮಣ್ಣು ಒತ್ತಿಕೊಂಡು ಗಟ್ಟಿಯಾಗಿತ್ತು. ಮಣ್ಣನ್ನು ಪುಡಿ ಮಾಡುವುದೇ ಹದ ಮಾಡುವುದು ಎಂದು ನಾವೇ ಕಲಿಸಿದ್ದೆವು. ಈಗ ಅಲ್ಲ ಎಂದು ಹೇಳಲು ನಾಲಿಗೆ ತಡವರಿಸಿತು, ಆದರೂ ಹೇಳಿದೆ.

ಇನ್ನು ಕಳಸಾಪುರದ ಕಥೆ. ಇದೇ ನನಗೆ ಹೇಳಬೇಕಾಗಿದ್ದದ್ದು.

ಸರ್ವಿಸಿನ ಕೊನೆಯ ವರ್ಷಗಳು, ಗದಗಿನಲ್ಲಿದ್ದೆ. ಮೇಲಿನಿಂದ ಒಂದು ಯೋಜನೆ ಬಂತು: ಝೀರೋ ಟಿಲೇಜ್ ಪ್ರಾತ್ಯಕ್ಷಿಕೆ. ನಮ್ಮ ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಮುಂಗಾರಿಗೆ ಹೆಸರು ಬೆಳೆದು ಹಿಂಗಾರಿಗೆ ಕಡಲೆ ಬಿತ್ತುತ್ತಾರೆ. ನಡುವಿನ ದಿನಗಳಲ್ಲಿ ಎರಡು ಮೂರು ಸಲ ಕುಂಟೆ ಹೊಡೆದು ಹರಗುತ್ತಾರೆ, ಅಂದರೆ ಮೇಲ್ಮಣ್ಣು ಕೆದಕಿ ಸಡಿಲ ಮಾಡುತ್ತಾರೆ. ಯೋಜನೆ ಹೇಳಿದ್ದು ಇಷ್ಟು: ಹರಗಬೇಡಿ, ಹೆಸರಿನ ಬಳ್ಳಿ, ಹೊಟ್ಟು ಹೊಲದ ಮೇಲೇ ಹರಡಿ, ಅದರ ನಡುವೆಯೇ ಕಡಲೆ ಬಿತ್ತಿ.

ಯಾರೂ ಹೊಲ ಕೊಡಲಿಲ್ಲ. ಯಾಕೆಂದು ನೀವು ತಿಳಿಯಬೇಕು. ನಮ್ಮ ಕಡೆ ಹರಗದ ಹೊಲ ಕಂಡರೆ ಊರು ಬೇರೆ ಏನೋ ಓದುತ್ತದೆ. ಆ ಮನೆಯಲ್ಲಿ ಸಾವಾಗಿದೆ, ಇಲ್ಲ ಅಣ್ಣತಮ್ಮಂದಿರು ಜಗಳಾಡಿದ್ದಾರೆ, ಇಲ್ಲ ಎತ್ತಿಲ್ಲ. ಹೊಲ ಹಾಗೆ ಬಿಡುವುದು ತಲೆ ಬಾಚದೆ ಮದುವೆಗೆ ಹೋದಂತೆ.

ಕೊಡುತ್ತೇನೆ ಎಂದು ಬಂದವಳು ನೀಲವ್ವ, ಒಬ್ಬಳೇ. ಮೂವತ್ತರ ಆಚೀಚೆ ವಯಸ್ಸು. ಗಂಡ ಬಸ್ ಡ್ರೈವರ್, ಮನೆಯಲ್ಲಿರುವುದಕ್ಕಿಂತ ರೂಟಿನ ಮೇಲಿರುವುದೇ ಹೆಚ್ಚು. ಅವರ ಪಾಲಿನ ಎರಡು ಎಕರೆಯನ್ನು ಇವಳೇ ಮಾಡುತ್ತಿದ್ದಳು. ಹಿಂದಿನ ವರ್ಷ ಕಡಲೆ ಕೆಟ್ಟಿತ್ತು. ಗಂಡನ ಅಣ್ಣ ಬಸಪ್ಪ ಗದಗಿನಲ್ಲಿ ಕಾಳಿನ ವ್ಯಾಪಾರ ಮಾಡುವವರು, ಮನೆಯ ಯಜಮಾನರು. ಅವರು ಹೇಳಿಬಿಟ್ಟಿದ್ದರು: ಈ ಹಿಂಗಾರಿಯೂ ಹೀಗೇ ಆದರೆ ಹೊಲವನ್ನು ಟ್ರ್ಯಾಕ್ಟರ್ ಇದ್ದವರಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡುವುದು, ನೀಲವ್ವ ಮನೆಯಲ್ಲಿರುವುದು.

"ಅಂಥಾದ್ರಾಗ ಹೊಸಾದು ಯಾಕ ಮಾಡ್ತಿ ತಂಗಿ?" ಎಂದು ನಾನೇ ಕೇಳಿದೆ.

"ಹೋದ ವರ್ಷ ಕಡ್ಲಿ ಯಾಕ ಕೆಟ್ಟು ಗೊತ್ತೇನ್ರಿ? ಹರಗಾಕ ಬರ್ರೆಪಾ ಅಂತ ಎತ್ತಿದ್ದವರನ್ನ ನಾ ಕರದ್ರ, ತಮ್ಮ ಹೊಲ, ತಮ್ಮ ಬೀಗರ ಹೊಲ, ತಮ್ಮ ದೋಸ್ತರ ಹೊಲ ಎಲ್ಲಾ ಆದ ಮ್ಯಾಲೆ ಬಂದ್ರು. ಅಷ್ಟೊತ್ತಿಗೆ ಹಸಿ ಆರಿ ಹೋಗಿತ್ತು. ನೀವು ಹರಗೂದ ಬ್ಯಾಡ ಅಂತೀರಿ. ಅಂದ್ರ ನಾ ಯಾರ ಮನಿ ಮುಂದೂ ನಿಂದ್ರೂದು ಬ್ಯಾಡಲ್ರಿ."

ಇಲಾಖೆಯ ಬುಕ್‌ಲೆಟ್‌ನಲ್ಲಿ ಈ ಯೋಜನೆಗೆ ಹನ್ನೆರಡು ಪ್ರಯೋಜನ ಪಟ್ಟಿ ಮಾಡಿದ್ದೆವು. ಇದು ಅದರಲ್ಲಿ ಇರಲಿಲ್ಲ.

ಹೆಸರು ಕಿತ್ತಾಯಿತು, ಬಳ್ಳಿ ಹರಡಿದ್ದಾಯಿತು. ಕಳೆಗೆ ಒಂದು ಸಲ ಔಷಧಿ ಹೊಡೆಸಿದೆವು, ಉಳಿದದ್ದನ್ನು ನೀಲವ್ವ ಕುರ್ಪಿ ಹಿಡಿದು ತೆಗೆದಳು. ಅವಳ ಅತ್ತೆ ಬಾಯಿ ತುಂಬಾ ಎಲೆ ಅಡಿಕೆ ಹಾಕಿಕೊಂಡು ಓಣಿಯಲ್ಲಿ ಹೇಳುತ್ತಿದ್ದರಂತೆ, "ನಮ್ಮ ಸೊಸಿ ಹೊಲಕ್ಕ ದುಪ್ಪಡಿ ಹೊಚ್ಚಿ ಮಲಗಿಸ್ಯಾಳ. ಜ್ವರ ಬಂದಾವಂತ ಹೊಲಕ್ಕ. ಮೇಡಮ್ಮ ಡಾಕ್ಟರು."

ಹಸ್ತ ಮಳೆ ಸಣ್ಣದಾಗಿ ಬಂತು. ಹಸಿ ಇತ್ತು, ಬಿತ್ತಲು ಸರಿಯಾದ ಹೊತ್ತು. ಮರುದಿನವೇ ಬಿತ್ತುವುದೆಂದು ಹೇಳಿ ಬಂದೆ. ಬೆಳಗ್ಗೆ ಆಟೋ ಇಳಿದು ಬದುವಿನ ಮೇಲೆ ನಡೆದು ಹೋಗಿ ನೋಡುತ್ತೇನೆ, ಅರ್ಧ ಹೊಲ ಕಪ್ಪಗೆ ಹರಗಿ ಹೋಗಿದೆ! ಎರಡು ಜೋಡಿ ಎತ್ತು, ನಾಲ್ವರು ಗಂಡಸರು, ಕುಂಟೆ. ನೀಲವ್ವ ಎತ್ತಿನ ಮುಂದೆ ಎರಡೂ ಕೈ ಚಾಚಿ ನಿಂತಿದ್ದಾಳೆ.

"ಸಾಕಪ್ಪೋ ಅಣ್ಣಾ, ನಿಂದ್ರಸು! ಯಾರ್ ಕರದಿದ್ರು ನಿನಗ?"

ಅವಳ ಅಣ್ಣ ಶಿವಪ್ಪ, ನಾಗಾವಿಯವರು. ತಂಗಿಯ ಹೊಲ ಹರಗದೆ ಬಿದ್ದಿದೆ ಎಂಬ ಸುದ್ದಿ ತವರಿಗೆ ಮುಟ್ಟಿದೆ. ಕರೆಯದಿದ್ದರೂ ಹೋಗಬೇಕಾದ ಕೆಲಸವಿದು. ನಸುಕಿನಲ್ಲೇ ಎತ್ತು ಹೊಡೆದುಕೊಂಡು ಬಂದು ಶುರು ಮಾಡಿಬಿಟ್ಟಿದ್ದಾರೆ.

"ಕರೀಬೇಕೇನ ನನಗ? ಊರ ಮಂದಿ, ನಾಗಾವಿ ಅಣ್ಣನ ಎತ್ತು ಸತ್ತಾವೇನು ಅಂತ ಕೇಳಾಕ ಹತ್ಯಾರ. ಮಾರಿ ಹೆಂಗ ತೋರಿಸ್ಲಿ?" ಎಂದರು ಶಿವಪ್ಪ. ನನ್ನನ್ನು ಕಂಡು ರುಮಾಲು ಸರಿ ಮಾಡಿಕೊಂಡರು. "ನಮಸ್ಕಾರ್ರಿ ಮೇಡಮ್ಮಾರ. ಇನ್ನೊಂದ ಎಕರೆ ಉಳದೈತಿ ನೋಡ್ರಿ, ಊಟದ ಹೊತ್ತಿಗೆ ಮುಗಸ್ತೀವಿ."

ನಾನು ಬದುವಿನ ಮೇಲೆ ಕುಳಿತುಬಿಟ್ಟೆ. ಪ್ರೀತಿಯಿಂದ ಕೆಡಿಸಿದವರನ್ನು ಬೈಯುವುದು ಹೇಗೆ? ಅವರು ಮನೆಯಿಂದ ಬುತ್ತಿ ಬೇರೆ ತಂದಿದ್ದರು. ರೊಟ್ಟಿ, ಪುಂಡಿ ಪಲ್ಲೆ. ಮೇಡಮ್ಮನಿಗೆ ಮೊದಲು. ತಿನ್ನುತ್ತಾ ತಿನ್ನುತ್ತಾ ತಲೆಗೆ ಹೊಳೆಯಿತು: ಒಂದೇ ಮಣ್ಣು, ಒಂದೇ ಬೀಜ, ಅರ್ಧ ಹರಗಿದ್ದು, ಅರ್ಧ ಹರಗದ್ದು. ಇದಕ್ಕಿಂತ ಒಳ್ಳೆಯ ಟ್ರಯಲ್ ಯಾವ ರಿಸರ್ಚ್ ಸ್ಟೇಷನ್ ಹಾಕುತ್ತದೆ? ಅದೇ ಎತ್ತುಗಳಿಗೆ ಕೂರಿಗೆ ಕಟ್ಟಿಸಿ ಎರಡೂ ಎಕರೆ ಅಂದೇ ಬಿತ್ತಿಸಿದೆ. ಹರಗದ ಕಡೆ ಕೂರಿಗೆಗೆ ಬಳ್ಳಿ ಸಿಕ್ಕಿಕೊಳ್ಳುತ್ತಿತ್ತು. ನೀಲವ್ವ ಒಂದು ಕೋಲು ಹಿಡಿದು ಹಿಂದೆ ಹಿಂದೆ ಓಡುತ್ತಾ ಬಿಡಿಸಿದಳು. ಶಿವಪ್ಪ ದಾರಿಯುದ್ದಕ್ಕೂ ಗೊಣಗಿದರು, "ಇದ ಬಿತ್ತಿಗಿ ಅಲ್ಲವಾ ತಂಗಿ, ಜಡಿ ಬಿಡಸೂದು."

ಹದಿನೈದು ದಿನಕ್ಕೆ ಗೊತ್ತಾಯಿತು. ಅಂದು ಹರಗಿದ ಅರ್ಧದಲ್ಲಿ ಮೇಲಿನ ಹಸಿ ಗಾಳಿಗೆ ಆರಿಹೋಗಿ ಸಾಲಿನಲ್ಲಿ ಅಲ್ಲಲ್ಲಿ ಖಾಲಿ. ಹರಗದ ಅರ್ಧ ಒಂದೇ ಸಮ. ಅತ್ತೆ ಬಂದು ನೋಡಿ, "ದುಪ್ಪಡಿ ಛಲೋ ಇತ್ತಬಿಡು" ಎಂದರು.

ಇಲ್ಲಿಗೆ ನಿಲ್ಲಿಸಿದರೆ ನಾನು ದೊಡ್ಡ ಮನುಷ್ಯಳಾಗುತ್ತೇನೆ. ಮುಂದಿನದು ನನ್ನ ತಪ್ಪು.

ಡಿಸೆಂಬರಿನಲ್ಲಿ ಒಣಗಾಳಿ ಎದ್ದಿತು. ಹೆಸರಿನ ಬಳ್ಳಿ ತೆಳ್ಳಗಿನದು, ಗೆದ್ದಲು ತಿಂದು ಮುಗಿಸಿತ್ತು. ಎರಿ ಮಣ್ಣು ಆರಿದರೆ ಬಿರಿಯುತ್ತದೆ. ಹರಗದ ಅರ್ಧದಲ್ಲಿ ಕೈ ತೂರುವಷ್ಟು ಬಿರುಕು, ಬಿರುಕಿನ ಅಂಚಿನ ಗಿಡಗಳಿಗೆ ಹಳದಿ. ಆ ಬಿರುಕಿನಿಂದಲೇ ಒಳಗಿನ ಹಸಿ ಹಾರಿಹೋಗುತ್ತದೆ. ನಮ್ಮ ರೈತರು ಸಾಲಿನ ನಡುವೆ ಎಡೆಕುಂಟೆ ಹೊಡೆಯುವುದು ಕಳೆಗಷ್ಟೇ ಅಲ್ಲ, ಈ ಬಿರುಕು ಮುಚ್ಚಲು.

"ಮೇಡಮ್ಮಾರ, ಒಂದ ಸಲ ಎಡಿಕುಂಟಿ ಹೊಡೀತೀನ್ರಿ. ಹೂ ಬಿಡೂದ್ರಾಗ ಹೊಡದ್ರ ಉಳಿತಾವು" ಎಂದಳು ನೀಲವ್ವ.

ಗದಗಿನ ನಮ್ಮ ಆಫೀಸಿನ ಸಾಹೇಬರು ಹೊಸಬರು, ಮೈಸೂರು ಕಡೆಯವರು. ಅರ್ಧ ಹೊಲ ಕೈತಪ್ಪಿದ್ದಕ್ಕೇ ಮುಖ ಊದಿಸಿಕೊಂಡಿದ್ದರು. "ಮೇಡಂ, ಉಳಿದ ಒಂದು ಎಕರೆಯಲ್ಲಿ ಝೀರೋ ಅಂದ್ರೆ ಝೀರೋ. ಜನವರಿಯಲ್ಲಿ ಟೀಮ್ ಬರುತ್ತೆ" ಎಂದು ನನಗೆ ಹೇಳಿದ್ದರು. ನಾನು ಅದನ್ನೇ ನಮ್ಮ ಕಡೆಯ ಮಾತಿಗೆ ತಂದು ನೀಲವ್ವನಿಗೆ ಹೇಳಿದೆ. "ಕುಂಟಿ ಮುಟ್ಟಬ್ಯಾಡ. ಟೀಮ್ ಬಂದು ನೋಡಿ ಹೋಗೂತನಕ ತಡಕೋ."

"ಅವರು ನೋಡಿ ಹೋಗೂತನಕ ಕಡ್ಲಿ ತಡಕೊಳ್ತಾವೇನ್ರಿ?"

ನಾನು ಆಟೋ ಹತ್ತಿದೆ. ಬೆಟಗೇರಿಗೆ ಬಂದು ಅಡುಗೆಗಿಟ್ಟೆ. ಅನ್ನ ಹೊತ್ತಿಸಿದೆ. ಶಿರಹಟ್ಟಿಯಲ್ಲಿ ಹನುಮಪ್ಪ ಬೇಡವೆಂದಾಗ ನಾನು ಕೇಳಿರಲಿಲ್ಲ, ಆಗ ಬುಕ್‌ಲೆಟ್ ಆಳವಾಗಿ ಉಳು ಎಂದಿತ್ತು. ಈಗ ಮುಟ್ಟಲೇಬೇಡ ಎನ್ನುತ್ತದೆ. ಎರಡು ಸಲವೂ ನಾನು ಬುಕ್‌ಲೆಟ್ ಹಿಡಿದು ಹೊಲದ ಕಡೆ ಬೆನ್ನು ಮಾಡಿ ನಿಂತಿದ್ದೆ. ಟ್ರಯಲ್ ಹಾಳಾದರೆ ನನ್ನ ಫೈಲಿನಲ್ಲಿ ಒಂದು ಹಾಳೆ ಕೆಡುತ್ತದೆ. ಕಡಲೆ ಹಾಳಾದರೆ ನೀಲವ್ವ ಹೊಲ ಕಳೆದುಕೊಳ್ಳುತ್ತಾಳೆ.

ಮರುದಿನ ಬೆಳಗ್ಗೆ ಮೊದಲ ಆಟೋಗೆ ಕಳಸಾಪುರಕ್ಕೆ ಹೋದೆ. ಎಡೆಕುಂಟೆ ಆಗಲೇ ಬದುವಿಗೆ ಬಂದು ಬಿದ್ದಿತ್ತು, ನೀಲವ್ವ ನಾಗಾವಿಯಿಂದ ತರಿಸಿದ್ದ ಅಣ್ಣನ ಎತ್ತಿನ ಕೊರಳ ಕಣ್ಣಿ ಬಿಗಿಯುತ್ತಿದ್ದಳು.

"ಹೊಡಿ ನೀಲವ್ವ" ಎಂದೆ.

"ನೀವು ಬರದಿದ್ರೂ ಹೊಡೀತಿದ್ನಿರಿ" ಎಂದಳು. "ಬಂದದ್ದು ಛಲೋ ಆತು. ಇಲ್ಲಂದ್ರ ನಿಮ್ಮ ಮ್ಯಾಲೆ ಸಿಟ್ಟು ಉಳೀತಿತ್ತು."

ಗೆದ್ದಲು ತಿಂದು ಬಿಟ್ಟ ಬಳ್ಳಿಯ ಚೂರುಪಾರು ಮಣ್ಣಲ್ಲಿ ಬೆರೆತು ಬಿರುಕು ಮುಚ್ಚಿತು. ಇಡೀ ಹಂಗಾಮಿನಲ್ಲಿ ಆ ಎಕರೆಗೆ ಕುಂಟೆ ತಾಗಿದ್ದು ಅದೊಂದೇ ಸಲ. ನಾನು ಸಾಹೇಬರಿಗೆ ಫೋನ್ ಮಾಡಿ ಹೇಳಿದೆ.

"ಯು ಹ್ಯಾವ್ ಸ್ಪಾಯಿಲ್ಡ್ ದ ಟ್ರಯಲ್, ಮೇಡಂ."

"ಯೆಸ್ ಸರ್."

"ರೈಟಿಂಗ್‌ನಲ್ಲಿ ಕೊಡಿ."

ಕೊಟ್ಟೆ. ಚೆನ್ನಾದ ಕಾನ್ವೆಂಟ್ ಇಂಗ್ಲಿಷಿನಲ್ಲಿ, ಒಂದು ಕಾಮಾ ತಪ್ಪದಂತೆ, ಪ್ರಾತ್ಯಕ್ಷಿಕೆ ವಿಫಲವಾಗಿದೆ, ಜವಾಬ್ದಾರಿ ನನ್ನದು ಎಂದು ಬರೆದು ಸಹಿ ಹಾಕಿದೆ. ಟೀಮ್ ಬೇರೆ ತಾಲೂಕಿಗೆ ಹೋಯಿತು.

ನಿಮಗಾಗಿ ಇಲ್ಲೊಂದು ಮಾತು ಸೇರಿಸುತ್ತೇನೆ. ಒಂದು ವರ್ಷ ಉಳುಮೆ ಕಡಿಮೆ ಮಾಡಿದರೆ ಮಣ್ಣು ಬದಲಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ವರ್ಷ ಲೋಟದ ನೀರಿನಲ್ಲಿ ಎರಡೂ ಕಡೆಯ ಹೆಂಟೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕರಗಿದವು. ಮೂರು ನಾಲ್ಕು ವರ್ಷ ಹಾಗೇ ನಡೆಸಿದ ಮೇಲೆ ನೀಲವ್ವನ ಹೆಂಟೆ ನೀರಿನಲ್ಲಿ ಗಟ್ಟಿಯಾಗಿ ಕುಳಿತಿರುವುದನ್ನು ಕಂಡೆ, ರಿಟೈರ್ ಆದ ಮೇಲೆ, ಬರೀ ನೋಡಲೆಂದು ಹೋದಾಗ. ಸರಳು ಒಂದು ಮೊಳ ಇಳಿಯಿತು. ಎರೆಹುಳುವಿನ ಹಿಕ್ಕೆ ಕಂಡಿತು. ಕಳೆ ಹೆಚ್ಚಾದ ವರ್ಷ ಅವಳು ಹರಗಿದ್ದೂ ಉಂಟು. ಮಸಾರಿಯಲ್ಲಿ ಲೆಕ್ಕ ಬೇರೆ, ಎರಿಯಲ್ಲಿ ಬೇರೆ, ಮಳೆ ಬಂದ ವರ್ಷ ಬೇರೆ, ಬಾರದ ವರ್ಷ ಬೇರೆ. ಉಳುಮೆ ಕಡಿಮೆ ಮಾಡುವುದು ಎಂದರೆ ಕೆಲಸ ಕಡಿಮೆ ಮಾಡುವುದಲ್ಲ, ಹೊಲ ನೋಡುವುದನ್ನು ಹೆಚ್ಚು ಮಾಡುವುದು. ದಿಸ್ ಐ ಕ್ಯಾನ್ ಟೆಲ್ ಯು ವಿತ್ ಫುಲ್ ಕಾನ್ಫಿಡೆನ್ಸ್.

ಆ ಮೊದಲ ವರ್ಷದ ರಾಶಿಯ ದಿನ ನಾನು ಹೋಗಿದ್ದೆ. ನೀಲವ್ವ ಎರಡೂ ಅರ್ಧದ ಕಡಲೆಯನ್ನು ಬೇರೆ ಬೇರೆ ಗುಂಪು ಹಾಕಿಸಿದ್ದಳು. ಹರಗದ ಅರ್ಧದ ರಾಶಿ ದೊಡ್ಡದಿತ್ತು. ಎದೆ ತಟ್ಟಿಕೊಂಡು ಊರೆಲ್ಲ ಸಾರುವಷ್ಟಲ್ಲ, ಆದರೆ ದೂರದಿಂದ ಬಂದವರ ಕಣ್ಣಿಗೂ ಬೀಳುವಷ್ಟು. ಬಸಪ್ಪ ಗದಗಿನಿಂದ ಬಂದರು. ಯಾರೊಂದಿಗೂ ಮಾತಾಡದೆ ಎರಡೂ ರಾಶಿಗೆ ಮೊಣಕೈವರೆಗೆ ಕೈ ಹಾಕಿ, ಒಳಗಿನ ಕಾಳು ತೆಗೆದು, ಹಲ್ಲಿನಲ್ಲಿ ಕಡಿದು ನೋಡಿದರು. ಕಾಳಿನ ವ್ಯಾಪಾರಿ, ಅವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಹೊಲ ಆಕೀ ಕಡೀನ ಇರ್ಲಿ" ಎಂದು ತಾಯಿಯ ಕಡೆ ತಿರುಗಿ ಹೇಳಿದರು. "ಲಾವಣಿ ಮಾತು ಬಿಟ್ಟೆ. ಆದ್ರ ಮುಂದಿನ ಸಲ ಹೆಸರು ಕಿತ್ತ ಮ್ಯಾಲೆ ನಾನಽ ಟ್ರ್ಯಾಕ್ಟರ್ ಕಳಿಸಿ ಒಮ್ಮೆ ಹರಗಿಸ್ತೀನಿ. ಮಂದಿ ನೋಡ್ತಾರ."

ಆ ಮನೆಯಲ್ಲಿ ಸೊಸೆ ಗಂಡನ ಅಣ್ಣನಿಗೆ ನೇರವಾಗಿ ಮಾತಾಡುವ ರೂಢಿ ಇರಲಿಲ್ಲ. ಹೇಳುವುದಿದ್ದರೆ ಅತ್ತೆಯ ಕಿವಿಯಲ್ಲಿ ಹೇಳಬೇಕು. ನೀಲವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು, ಅತ್ತೆಯ ಕಡೆ ನೋಡಲಿಲ್ಲ.

"ಮಂದಿ ಹೊಲ ಮಂದಿ ಹರಗ್ಲಿರಿ ಭಾವಾರ. ಈ ಹೊಲಕ್ಕ ಕುಂಟಿ ಯಾವಾಗ ಬೇಕಂತ ನಾ ಹೇಳ್ತೀನಿ."

ಕಾಳು ತೂರುತ್ತಿದ್ದ ಹೆಂಗಸರ ಮೊರ ನಿಂತವು. ಅತ್ತೆ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಬಸಪ್ಪನವರ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದವರು ನನ್ನನ್ನು ನೋಡಿ ತಡೆದುಕೊಂಡರು.

"ಏನ್ರಿ ಮೇಡಮ್ಮಾರ, ನೀವು ಇಲಾಖೆಯವರು. ನೀವಽ ಹೇಳ್ರಿ. ಹರಗಬೇಕೋ ಬ್ಯಾಡೋ?"

ಇಡೀ ಸರ್ವಿಸಿನಲ್ಲಿ ಇಂಥ ಪ್ರಶ್ನೆಗೆ ನಾನು ಉತ್ತರ ಕೊಡದೆ ಬಿಟ್ಟದ್ದಿಲ್ಲ.

"ನನಗ್ಯಾಕ ಕೇಳ್ತೀರಿ ಬಸಪ್ಪನವರ?" ಎಂದೆ. "ಹೊಲ ಮಾಡಾಕಿ ಇಲ್ಲೇ ನಿಂತಾಳಲ್ರಿ."